ಎಲೆ ನೋಡಿ ಮರುಗಬೇಡ, ಬೇರು ನೋಡು

ಚಿ. ಮಗಳಿಗೆ ಆಶೀರ್ವಾದಗಳು.

ನೀನು ಕಳಿಸಿದ ಫೋಟೊಗಳನ್ನು ಹಿಗ್ಗಿಸಿ ಒಂದೊಂದಾಗಿ ನೋಡಿದೆ. ಅಜ್ಜಿಯ ಆರ್ಕಿಡ್ ಕುಂಡಗಳು ನಿನ್ನ ಪಾಲಿಗೆ ಬಂದದ್ದು ಸಂತೋಷ. ಆದರೆ ‘ಎಲೆಗಳೆಲ್ಲ ಸುಕ್ಕಾಗಿವೆ, ಪಾಪ ಅನ್ನಿಸಿ ಎರಡು ಹೊತ್ತೂ ನೀರು ಹಾಕುತ್ತಿದ್ದೇನೆ’ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಗಾಬರಿಯಾಯಿತು. ಮೊದಲು ಆ ನೀರು ನಿಲ್ಲಿಸು. ಪತ್ರದ ಉಳಿದ ಭಾಗವನ್ನು ಆಮೇಲೆ ಓದಿದರೂ ಆದೀತು.

ಸುಕ್ಕಾದ ಎಲೆ ಹೇಳುವುದು ಇಷ್ಟೇ: ಗಿಡದೊಳಗೆ ನೀರು ಏರುತ್ತಿಲ್ಲ. ಬೇರು ಒಣಗಿ ಸತ್ತರೂ ಎಲೆ ಸುಕ್ಕುಗಟ್ಟುತ್ತದೆ, ಕೊಳೆತು ಸತ್ತರೂ ಸುಕ್ಕುಗಟ್ಟುತ್ತದೆ. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕೊಳೆತ ಬೇರಿಗೆ ಇನ್ನಷ್ಟು ನೀರು ಸುರಿಯುವುದು ಮುಳುಗುತ್ತಿರುವವನಿಗೆ ಕುಡಿಯಲು ಕೊಟ್ಟಂತೆ.

ಈ ಗಿಡಗಳಲ್ಲಿ ಹೆಚ್ಚಿನವು ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುವ ಜಾತಿಯವು. ಅವುಗಳ ಬೇರಿನ ಮೇಲೆ ವೆಲಾಮೆನ್ ಎಂಬ ಹೊದಿಕೆ ಇರುತ್ತದೆ. ಸತ್ತ ಜೀವಕೋಶಗಳ ಪದರವದು. ಮಳೆ ಬಿದ್ದಾಗ ನೀರನ್ನು ಸರ‍್ರನೆ ಹೀರಿ ಹಿಡಿದಿಡುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ. ಒಣಗಿದಾಗ ಬೂದುಬಿಳುಪು, ನೆನೆದಾಗ ಒಳಗಿನ ಹಸಿರು ಕಾಣುತ್ತದೆ. ಕುಂಡಕ್ಕೆ ಮಣ್ಣಿನ ಬದಲು ತೊಗಟೆಯ ಚೂರುಗಳನ್ನು ತುಂಬುವುದು ನೆನೆಯುವ, ಒಣಗುವ ಈ ಸರದಿ ತಪ್ಪದಿರಲಿ ಎಂದು. ಎರಡು ಮೂರು ವರ್ಷದಲ್ಲಿ ತೊಗಟೆ ಕೊಳೆತು ಪುಡಿಯಾಗುತ್ತದೆ, ಸಂದುಗಳು ಮುಚ್ಚಿಹೋಗುತ್ತವೆ, ಬೇರಿಗೆ ಉಸಿರು ಕಟ್ಟುತ್ತದೆ. ಅಜ್ಜಿ ಹಾಸಿಗೆ ಹಿಡಿದ ಮೇಲೆ ಅದನ್ನು ಬದಲಿಸುವವರು ಇರಲಿಲ್ಲ, ನೀರು ಮಾತ್ರ ಯಾರೋ ಒಬ್ಬರು ಹಾಕುತ್ತಲೇ ಇದ್ದರು.

ಆದ್ದರಿಂದ ಕುಂಡದಿಂದ ಗಿಡವನ್ನು ಹೊರಗೆ ತೆಗೆಯದೆ ಏನನ್ನೂ ನಿರ್ಧರಿಸಬೇಡ. ತೆಗೆಯುವ ಮೊದಲು ಅರ್ಧ ಗಂಟೆ ಕುಂಡವನ್ನು ನೀರಿನಲ್ಲಿಡು. ನೆನೆದ ಬೇರು ಬಾಗುತ್ತದೆ, ಒಣ ಬೇರು ಲಟಕ್ಕನೆ ಮುರಿಯುತ್ತದೆ. ಮಣ್ಣಿನ ಕುಂಡಕ್ಕೆ ಬೇರು ಕಚ್ಚಿಕೊಂಡಿದ್ದರೆ ಎಳೆಯಬೇಡ, ಕುಂಡವನ್ನೇ ಒಡೆ. ಬೇರಿಗಂಟಿದ ಕುಂಡದ ಚೂರುಗಳು ಹಾಗೆಯೇ ಇರಲಿ, ಅವುಗಳ ಸಮೇತ ಹೊಸ ಕುಂಡಕ್ಕೆ ಇಡಬಹುದು. ಹಳೆಯ ತೊಗಟೆಯನ್ನೆಲ್ಲ ತೊಳೆದ ಮೇಲೆ ಒಂದೊಂದು ಬೇರನ್ನೂ ಎರಡು ಬೆರಳ ನಡುವೆ ಒತ್ತಿ ನೋಡು. ಗಟ್ಟಿಯಾಗಿದ್ದರೆ ಜೀವವಿದೆ, ಬಣ್ಣ ಏನೇ ಇರಲಿ. ಬೆಳಕು ಕಾಣದ ಬೇರು ಕಂದಾಗಿಯೂ ಇರುತ್ತದೆ, ಅದನ್ನು ಕಂಡು ಕತ್ತರಿ ಎತ್ತಬೇಡ. ಸತ್ತ ಬೇರು ಒತ್ತಿದರೆ ಚಪ್ಪಟೆಯಾಗುತ್ತದೆ, ಕೊಳೆತಿದ್ದರೆ ಕಂದು ನೀರು ಒಸರುತ್ತದೆ. ಎಳೆದರೆ ಮೇಲಿನ ಹೊದಿಕೆ ಜಾರಿ ಕೈಗೆ ಬಂದು, ಒಳಗಿನ ಸಪೂರ ನಾರೊಂದೇ ಗಿಡದಲ್ಲಿ ಉಳಿಯುತ್ತದೆ. ಅಂಥವನ್ನು ಬುಡದವರೆಗೂ ಕತ್ತರಿಸು.

ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವ ಮೊದಲು ಕತ್ತರಿಯ ಅಲಗನ್ನು ಬೆಂಕಿಯಲ್ಲಿ ಕಾಯಿಸು. ಇದರಲ್ಲಿ ಸೋಮಾರಿತನ ಕೂಡದು. ಸಿಂಬಿಡಿಯಮ್ ಮೊಸಾಯಿಕ್ ವೈರಸ್ ಗಿಡದಿಂದ ಗಿಡಕ್ಕೆ ದಾಟುವುದು ಹೆಚ್ಚಾಗಿ ರಸ ಮೆತ್ತಿದ ಅಲಗಿನಿಂದಲೇ, ಅದಕ್ಕೆ ಔಷಧಿಯೂ ಇಲ್ಲ.

ಆ ದೊಡ್ಡ ಕ್ಯಾಟ್ಲಿಯಾದ ಫೋಟೊ ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ. ಅದರ ಗೆಡ್ಡೆಗಳನ್ನು, ಅಂದರೆ ತೊಗಟೆಯ ಮೇಲೆ ನಿಂತು ನೀರು ಕೂಡಿಡುವ ಉಬ್ಬಿದ ಕಾಂಡಗಳನ್ನು, ಹಿಂದಿನಿಂದ ಮುಂದಕ್ಕೆ ಗಮನಿಸು. ಅದು ಸಾಮಾನ್ಯವಾಗಿ ವರ್ಷಕ್ಕೊಂದು ಹೊಸ ಗೆಡ್ಡೆ ಹಾಕುತ್ತಾ ಒಂದೇ ದಿಕ್ಕಿಗೆ ತೆವಳುವ ಗಿಡ. ಹಿಂದಿನವು ಎಲೆ ಉದುರಿಸಿಕೊಂಡಿದ್ದರೂ ದಪ್ಪಗಿವೆ, ಅಜ್ಜಿಯ ಕೈ ಓಡಾಡುತ್ತಿದ್ದ ಕಾಲದವು. ಅಲ್ಲಿಂದ ಮುಂದೆ ಒಂದಕ್ಕಿಂತ ಒಂದು ಬಡಕಲು. ಯಾವ ವರ್ಷ ಅವರ ಮಂಡಿ ಸೋತಿತು, ಯಾವ ವರ್ಷ ಮಹಡಿ ಹತ್ತುವುದು ನಿಂತಿತು ಎಂದು ಅದರಲ್ಲೇ ಲೆಕ್ಕ ಹಾಕಬಹುದು. ಆದರೂ ಮುಂದಿನ ತುದಿಯಲ್ಲಿ ಹಸಿರು ಮೊಳಕೆ ಇದೆ, ನೀನು ಗಮನಿಸಿದಂತಿಲ್ಲ.

ಈ ಗಿಡಕ್ಕೆ ಮಾತ್ರ ಆತುರ ಪಡಬೇಡ. ಹೊಸ ಮೊಳಕೆಯ ಬುಡದಲ್ಲಿ ಬೇರಿನ ಮೊಗ್ಗುಗಳು ಉಬ್ಬುವುದನ್ನು ಕಾದು, ಅವು ಉದ್ದವಾಗುವ ಮೊದಲೇ ಕುಂಡ ಬದಲಿಸು. ಆಗ ಬೇರು ನೇರವಾಗಿ ಹೊಸ ತೊಗಟೆಗೆ ಇಳಿಯುತ್ತದೆ. ಕೊಳೆತಿರುವ ಗಿಡಗಳಿಗೆ ಈ ಮುಹೂರ್ತ ನೋಡುವಂತಿಲ್ಲ, ಅವನ್ನು ಈ ವಾರವೇ ಮುಗಿಸು. ಕ್ಯಾಟ್ಲಿಯಾವನ್ನು ಭಾಗ ಮಾಡುವುದಾದರೆ ಒಂದೊಂದು ಪಾಲಿಗೂ ಮೂರು ನಾಲ್ಕು ಗೆಡ್ಡೆಗಳಾದರೂ ಇರಲಿ. ಹಳೆಯ ತುದಿ ಕುಂಡದ ಅಂಚಿಗೆ ತಾಗಿರಬೇಕು, ಮೊಳಕೆಯ ಮುಂದೆ ಎರಡು ವರ್ಷ ತೆವಳುವಷ್ಟು ಜಾಗ ಬೇಕು. ಎಲೆಯಿಲ್ಲದ ಹಿಂದಿನ ಗೆಡ್ಡೆಗಳನ್ನು ಎಸೆಯಬೇಡ. ಬುಡದ ಕಣ್ಣು ಒಣಗಿರದಿದ್ದರೆ ತೇವದ ಪಾಚಿಯ ಮೇಲಿಟ್ಟಾಗ ಚಿಗುರುವುದುಂಟು; ಹೂವಿಗೆ ವರ್ಷಗಳು ಹಿಡಿಯುತ್ತವೆ, ಆದರೆ ಅದು ಅದೇ ಗಿಡ.

ಫೆಲನಾಪ್ಸಿಸ್‌ಗಳಿಗೆ ಗೆಡ್ಡೆಯ ಉಗ್ರಾಣವಿಲ್ಲ, ಇರುವುದೆಲ್ಲ ಎಲೆಯಲ್ಲಿ. ಒಂದರಲ್ಲಿ ಬಾಡಿದ ಎಲೆಗಳ ನಡುವೆಯೇ ಹೂವಿನ ದಂಟು ಕಾಣಿಸುತ್ತಿದೆ. ನಿನಗೆ ಬೇಸರವಾಗಬಹುದು, ಆದರೂ ಅದನ್ನು ಕತ್ತರಿಸಿಬಿಡು. ಬೇರಿಲ್ಲದ ಗಿಡ ಹೂವಿನ ಖರ್ಚು ಹೊರಲಾರದು. ವಂಡಾಗೆ ತೊಗಟೆ ಬೇಡ, ಬರಿಯ ಬುಟ್ಟಿಯಲ್ಲಿ ಬೇರು ಇಳಿಬಿಟ್ಟುಕೊಂಡು ಇರಲಿ. ಚಪ್ಪಲಿಯಾಕಾರದ ಹೂವಿನ ಪ್ಯಾಫಿಯೊಪೆಡಿಲಮ್ ಮಾತ್ರ ಪೂರ್ತಿ ಒಣಗುವುದನ್ನು ಸಹಿಸುವುದಿಲ್ಲ, ಅದಕ್ಕೆ ಸಣ್ಣ ಚೂರುಗಳ ಮಿಶ್ರಣ ಹಾಕು.

ಕುಂಡದ ಅಳತೆಯನ್ನು ಉಳಿದ ಬೇರು ನೋಡಿ ಆರಿಸು. ಎಲೆಯ ಹರವು ನೋಡಿ ದೊಡ್ಡದು ತಂದರೆ ನಡುವಿನ ತೊಗಟೆ ಒಣಗುವುದೇ ಇಲ್ಲ, ಮತ್ತೆ ಅದೇ ಕಥೆ. ಗಿಡ ಅಲುಗಾಡದಂತೆ ಕಡ್ಡಿಗೆ ಕಟ್ಟು. ಅಲುಗಿದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ. ಗಾಯ ಒಣಗಲು ಕೆಲವು ದಿನ ನೀರಿಲ್ಲದೆ ನೆರಳಿನಲ್ಲಿಡು. ಹೊಸ ಬೇರು ಕಾಣುವವರೆಗೆ ಗೊಬ್ಬರದ ಮಾತು ಬೇಡ.

ಗೆಡ್ಡೆಗಳ ಮೇಲಿನ ಒಣ ಪೊರೆಗಳನ್ನು ಸೀಳಿ ತೆಗೆದರೆ ಕೆಳಗೆ ರಸ ಹೀರುವ ಶಲ್ಕ ಕೀಟಗಳು ಕುಳಿತಿರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜು. ಒಂದು ಸಲಕ್ಕೆ ಹೋಗುವ ಪೈಕಿಯಲ್ಲ, ಮೊಟ್ಟೆಗಳು ಒಡೆಯುತ್ತಲೇ ಇರುತ್ತವೆ. ವಾರಕ್ಕೊಮ್ಮೆ ಮಾಡು.

ಈಗ ಕುಂಡಗಳಲ್ಲಿ ಸಿಕ್ಕಿಸಿರುವ ಹೆಸರಿನ ಪಟ್ಟಿಗಳ ವಿಷಯ. ನೀರಿಗೆ ಮೊದಲು ಇದನ್ನೇ ಹೇಳಬೇಕಿತ್ತೇನೋ. ಒಂದು ಕುಂಡ ಕಿತ್ತರೆ ಅದರ ಪಟ್ಟಿ ಅದೇ ಗಿಡದ ಪಕ್ಕದಲ್ಲಿರಬೇಕು. ಮಿಶ್ರತಳಿಗಳ ಹೆಸರು ಯಾರೋ ಮನಸ್ಸಿಗೆ ಬಂದಂತೆ ಇಟ್ಟದ್ದಲ್ಲ. ಇಂಗ್ಲೆಂಡಿನ ಆರ್ಕಿಡ್ ವ್ಯಾಪಾರಿಗಳಾದ ಸ್ಯಾಂಡರ್ ಕುಟುಂಬದವರು ಶುರು ಮಾಡಿದ ನೋಂದಣಿಯನ್ನು 1961ರಿಂದ ಅಲ್ಲಿನ ತೋಟಗಾರಿಕೆ ಸಂಸ್ಥೆಯಾದ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ನಡೆಸಿಕೊಂಡು ಬಂದಿದೆ. ಹೆಸರು ಇದ್ದರೆ ತಂದೆತಾಯಿ ತಳಿಗಳನ್ನು ಅಲ್ಲಿ ಹುಡುಕಬಹುದು. ಪಟ್ಟಿ ಕಳೆದರೆ ಹೂವು ನೋಡಿ ಹೆಸರು ಹೇಳುವುದು ಬರೀ ಊಹೆ. ಅಜ್ಜಿ ಪೆನ್ಸಿಲ್ಲಿನಲ್ಲಿ ಬರೆದದ್ದು ಸುಮ್ಮನೆ ಅಲ್ಲ, ಶಾಯಿ ಬಿಸಿಲಿಗೆ ಮಾಸುತ್ತದೆ. ಹಿಂಬದಿ ತಿರುಗಿಸಿ ನೋಡು, ಕೊನೆಯ ಸಲ ಕುಂಡ ಬದಲಿಸಿದ ತಿಂಗಳು, ವರ್ಷ ಇರುತ್ತದೆ. ಯಾವುದು ಬಹಳ ಹಳೆಯದೋ ಅದನ್ನು ಮೊದಲು ತೆಗೆ.

ಎಲ್ಲವೂ ಉಳಿಯುವುದಿಲ್ಲ. ಎಲೆಯೂ ಇಲ್ಲದೆ ಬೇರೂ ಇಲ್ಲದೆ ಗೆಡ್ಡೆಯೂ ಮೆತ್ತಗಾಗಿರುವುದನ್ನು ಕಸಕ್ಕೆ ಹಾಕು, ನನ್ನನ್ನು ಕೇಳಬೇಕಾಗಿಲ್ಲ. ಒಂದೇ ತಳಿಯ ಎರಡು ಮೂರು ಕುಂಡಗಳಿದ್ದರೆ ಒಂದನ್ನು ಚಿಕ್ಕಮ್ಮನಿಗೆ ಕೊಡು, ಅವಳಿಗೂ ಆಸೆಯಿದೆ, ಬಾಯಿಬಿಟ್ಟು ಕೇಳುವವಳಲ್ಲ. ಒಂದೇ ದಿನ ಎಲ್ಲ ಕುಂಡಗಳನ್ನೂ ಕೆಡವಿಕೊಂಡು ಕೂರಬೇಡ. ಸಂಜೆಗೆ ಕೈ ಸೋತು, ಕೊನೆಯ ಗಿಡಗಳ ಬೇರು ನೋಡುವ ತಾಳ್ಮೆ ಉಳಿಯುವುದಿಲ್ಲ.

ವಂಡಾದ ಬುಟ್ಟಿಯ ತಂತಿ ತುಕ್ಕು ಹಿಡಿದಂತೆ ಕಾಣುತ್ತದೆ. ಮತ್ತೆ ನೇತು ಹಾಕುವ ಮೊದಲು ಬದಲಿಸು. ಕ್ಯಾಟ್ಲಿಯಾದ ಮೊಳಕೆಯ ಬುಡವನ್ನು ಹತ್ತಿರದಿಂದ ಫೋಟೊ ತೆಗೆದು ಕಳಿಸು, ಬೇರು ಉಬ್ಬಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಅಮ್ಮ