ಹೆಳವರು ಬಂದಿದ್ದರು, ನೀನಿರಬೇಕಿತ್ತು

ಪಾಂಡವಪುರ

ಪ್ರೀತಿಯ ಗೆಳೆಯಾ,

ಹೋದ ವಾರ ನಮ್ಮ ಮನೆಗೆ ಹೆಳವರು ಬಂದಿದ್ದರು ಕಣೋ, ಅದೇ ಮನೆ ಮನೆಗೆ ಬಂದು ವಂಶಾವಳಿ ಹೇಳುವವರು. ಎಷ್ಟೋ ವರ್ಷದ ಮೇಲೆ ಬಂದರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು ಅಂತ ಅಪ್ಪ ಹೇಳುತ್ತಿದ್ದರಲ್ಲ, ಈಗ ಬಸ್ಸಿನಲ್ಲಿ ಬಂದರು. ಜಗಲಿ ಮೇಲೆ ಚಾಪೆ ಹಾಸಿದೆವು. ಬಟ್ಟೆಯ ಗಂಟು ಬಿಚ್ಚಿ, ದಪ್ಪ ಪುಸ್ತಕ ತೆಗೆದು, ನಮ್ಮ ತಾತನ ಹೆಸರಿನಿಂದ ಹಿಡಿದು ಹಿಂದಕ್ಕೆ ಹೇಳುತ್ತಾ ಹೋದರು. ಏಳು ತಲೆಮಾರು! ಅದೂ ರಾಗವಾಗಿ. ಅವರ ಹಿರಿಯರು ಓಲೆಗರಿಯಲ್ಲಿ ಬರೆದಿಟ್ಟದ್ದನ್ನು ಕಾಗದಕ್ಕೆ ಇಳಿಸಿಕೊಂಡಿದ್ದಾರಂತೆ.

ನನ್ನ ಮುತ್ತಾತನ ಅಪ್ಪನಿಗೆ ಮೂರು ಜನ ತಮ್ಮಂದಿರು. ಅದೇ ನನಗೆ ಗೊತ್ತಿರಲಿಲ್ಲ. ಅವರಲ್ಲಿ ಇಬ್ಬರ ಹೆಸರಿನ ಕೆಳಗೆ ಏನೂ ಇಲ್ಲ, ಬರೀ ಖಾಲಿ. ಯಾಕೆ ಅಂತ ಕೇಳಿದೆ. "ಧಾತು ಬರದಲ್ಲಿ ಹೋದರು ಸ್ವಾಮಿ" ಅಂದು ಮುಂದಿನ ಹೆಸರಿಗೆ ಹೋದರು. 1876ರಲ್ಲಿ ಶುರುವಾದ ಆ ಬರದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನ ಸತ್ತರು ಅಂತ ಓದಿದ್ದೆ. ಓದಿ ಮರೆತೂ ಬಿಟ್ಟಿದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಇಬ್ಬರಿಗೆ ಮದುವೆ ಆಗಿತ್ತಾ, ಮಕ್ಕಳಿದ್ದವಾ, ಈಗ ಯಾರನ್ನು ಕೇಳೋದು?

ಇನ್ನೊಂದು ವಿಷಯ. ಹೆಳವರ ಬಾಯಲ್ಲಿ ನಮ್ಮೂರು ಇನ್ನೂ ಹಿರೋಡೆಯೇ. ನಮ್ಮ ಬೀರುವಿನಲ್ಲಿರುವ ಹಳೇ ಕ್ರಯಪತ್ರ ತೆಗೆದು ನೋಡಿದರೆ ಅಲ್ಲಿ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದರು, ಅದಕ್ಕೆ ಆ ಹೆಸರು. ಆಮೇಲೆ ಇಂಗ್ಲಿಷರ ದಂಡೂ ಇಲ್ಲಿತ್ತು. ಕುಂತಿ ಬೆಟ್ಟದ ಪಾಂಡವರ ಕತೆಯಿಂದ ಪಾಂಡವಪುರ ಆಗಿದ್ದು ತೀರಾ ಈಚೆಗೆ. ನಿಮ್ಮ ಮನೆ ಕಾಗದ ಹುಡುಕುವಾಗ ಮೂರೂ ಹೆಸರು ನೆನಪಿಟ್ಟುಕೋ. ಇಲ್ಲದಿದ್ದರೆ ಬೇರೆ ಯಾವುದೋ ಊರಿನದು ಅಂತ ಪಕ್ಕಕ್ಕೆ ಇಟ್ಟುಬಿಡುತ್ತೀಯ.

ಮಾರನೇ ದಿನ ಕೆಲಸದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಸುಮ್ನೆ ಹೊಳೆ ಹತ್ತಿರದ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ ಬಂದೆ. 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ಮೇಲೆ ಅಲ್ಲಿ ಉಳಿದ ಇಂಗ್ಲಿಷರ ದಂಡಿನವರ ಗೋರಿಗಳು. ಜ್ವರ ಜಾಸ್ತಿಯಾಗಿ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರಲ್ಲ, ಅಷ್ಟರೊಳಗೆ ಎಷ್ಟು ಜನ ಮಣ್ಣಾದರು ನೋಡು. ಇಂಗ್ಲಿಷರ ಕಡೆ ಹೋರಾಡಿದ ದ ಮ್ಯೂರಾನ್ ಪಡೆಯ ಸ್ವಿಸ್ ಜನವೂ ಅಲ್ಲಿದ್ದಾರೆ. ದ ಮ್ಯೂರಾನ್ ಮನೆತನದವರು ಎರಡು ಶತಮಾನ ಕಳೆದ ಮೇಲೆ ಹುಡುಕಿಕೊಂಡು ಬಂದು ಆ ಗೋರಿಗಳನ್ನು ಸರಿಮಾಡಿಸಿದರು. ಒಂದು ಕಲ್ಲಿನ ಮೇಲೆ ಕೈಯಿಟ್ಟೆ. ಅಕ್ಷರ ಸವೆದಿದ್ದರೂ ಬೆರಳಿಗೆ ಸಿಗುತ್ತವೆ. ನಮ್ಮ ಆ ಇಬ್ಬರಿಗೆ ಕಲ್ಲಿಲ್ಲ. ಹೆಳವರ ಪುಸ್ತಕದ ಒಂದು ಸಾಲು ಅಷ್ಟೇ.

ಅದಕ್ಕೇ ಈ ಪತ್ರ. ನಿಮ್ಮಜ್ಜಿಯ ತಾಯಿ ಹುಟ್ಟಿದ್ದು ಹಳೇ ಕನ್ನಂಬಾಡಿಯಲ್ಲಿ, ಅಲ್ವಾ? 1911ರಲ್ಲಿ ಕೆ.ಆರ್.ಎಸ್. ಕಟ್ಟೆ ಕೆಲಸ ಶುರುವಾಯಿತು, ಆಮೇಲೆ ಆ ಊರೇ ನೀರಿಗೆ ಹೋಯಿತು. ಮನೆ ಎಲ್ಲಿತ್ತು, ಬೀದಿ ಯಾವುದು, ಹೊಸ ಕನ್ನಂಬಾಡಿಗೆ ಯಾರು ಹೋದರು, ನಮ್ಮ ಕಡೆಗೆ ಯಾರು ಬಂದರು, ಇದನ್ನೆಲ್ಲ ಹೇಳಬಲ್ಲವರು ಈಗ ನಿಮ್ಮಜ್ಜಿ ಒಬ್ಬರೇ. ಇಸವಿ ಕೇಳಬೇಡ, ಅವರಿಗೆ ನೆನಪಿರಲ್ಲ. ನಾಲೆಗೆ ನೀರು ಬಿಡುವ ಮೊದಲಾ ಆಮೇಲಾ ಅಂತ ಕೇಳು, ತಟ್ಟನೆ ಹೇಳುತ್ತಾರೆ. ಹೆಂಗಸರ ಹೆಸರುಗಳನ್ನು ಮೊದಲು ಬರೆದುಕೋ. ನಮ್ಮ ಏಳು ತಲೆಮಾರಿನಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ.

ಹೊರಡುವ ಮುಂಚೆ ಹೆಳವರು ಹೊಸದಾಗಿ ಹುಟ್ಟಿದವರ ಹೆಸರು ಕೇಳಿದರು. ನಾನು ಮಗಳ ಹೆಸರು ಹೇಳಿದೆ, ಹೆಂಡತಿಯದೂ ಹೇಳಿದೆ. ಅವರು ಪೆನ್ನು ಹಿಡಿದು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಇಬ್ಬರದೂ ಬರೆದರು. ಅಮ್ಮ ಒಂದು ಮೊರ ರಾಗಿ, ತೆಂಗಿನಕಾಯಿ, ದುಡ್ಡು ಕೊಟ್ಟು ಕಳಿಸಿದರು.

ಯುಗಾದಿಗೆ ಬಾ. ಅಜ್ಜಿ ಹತ್ತಿರ ಇಬ್ಬರೂ ಕೂರೋಣ.

ನಿನ್ನ ಗೆಳೆಯ