ಶುಲ್ಕ ಸೊನ್ನೆ, ಸೋರಿಕೆ ಎಷ್ಟು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ವಿದೇಶಿ ಕರೆನ್ಸಿಗಳ ದರಪಟ್ಟಿ ಬರುತ್ತದೆ. ಅದರ ಪಕ್ಕದಲ್ಲೇ ಆಗಾಗ ‘ಶುಲ್ಕವಿಲ್ಲದೆ ವಿದೇಶಕ್ಕೆ ಹಣ ಕಳುಹಿಸಿ’ ಎಂಬ ಜಾಹೀರಾತೂ ಇರುತ್ತದೆ. ಪಟ್ಟಿಯಲ್ಲಿರುವ ದರ ಜಾಹೀರಾತು ಕೊಟ್ಟವರ ಬಳಿ ಸಿಗುವುದಿಲ್ಲ. ಈ ಅಂತರದಲ್ಲೇ ನನ್ನ ಹಣ ಕರಗುತ್ತಿದೆ ಎಂದು ತಿಳಿಯಲು, 34 ವರ್ಷ ಲೆಕ್ಕದ ಪುಸ್ತಕ ಬರೆದು ನಿವೃತ್ತನಾದ ನನಗೇ ಎರಡು ವರ್ಷ ಹಿಡಿಯಿತು.

ನನ್ನ ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ. ಮೊದಲ ಕಂತಿನ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದೆ. ಕಮಿಷನ್ ಎಷ್ಟೆಂದು ಕೇಳಿದೆ, ಹೇಳಿದರು, ಕಟ್ಟಿದೆ, ರಸೀದಿಯನ್ನು ಫೈಲಿಗೆ ಸೇರಿಸಿದೆ. ವಾರದ ನಂತರ ಮಗಳ ಫೋನ್: ‘ಅಪ್ಪಾ, 22 ಡಾಲರ್ ಕಡಿಮೆ ಬಂದಿದೆಯಂತೆ. ಅದನ್ನು ಕಟ್ಟುವವರೆಗೆ ನೋಂದಣಿ ಮಾಡುವುದಿಲ್ಲವಂತೆ.’ ಬ್ಯಾಂಕಿಗೆ ಓಡಿದೆ. ಕೌಂಟರಿನ ಹುಡುಗ ಕಂಪ್ಯೂಟರನ್ನು ನನ್ನತ್ತ ತಿರುಗಿಸಿ, ‘ನೋಡಿ ಸರ್, ನಮ್ಮಿಂದ ಪೂರ್ತಿ ಹೋಗಿದೆ’ ಎಂದ. ಅವನು ಸುಳ್ಳು ಹೇಳಲಿಲ್ಲ. 1973ರಲ್ಲಿ ಬ್ಯಾಂಕುಗಳೇ ಸೇರಿ ಕಟ್ಟಿಕೊಂಡ ಸ್ವಿಫ್ಟ್ ಜಾಲ ಸಂದೇಶವನ್ನಷ್ಟೇ ಒಯ್ಯುತ್ತದೆ, ಹಣವನ್ನಲ್ಲ. ಎರಡು ಬ್ಯಾಂಕುಗಳಿಗೆ ಪರಸ್ಪರ ಖಾತೆ ಇಲ್ಲದಿದ್ದರೆ ಮೂರನೆಯದೊಂದು ನಡುವೆ ನಿಂತು ಹಣ ದಾಟಿಸುತ್ತದೆ, ತನ್ನ ಕೂಲಿಯನ್ನು ದಾಟುವ ಹಣದಿಂದಲೇ ಮುರಿದುಕೊಳ್ಳುತ್ತದೆ. ನಾನು ಸಹಿ ಹಾಕಿದ ಅರ್ಜಿಯ ಕೆಳತುದಿಯಲ್ಲಿ ಮೂರು ಪುಟ್ಟ ಚೌಕಗಳಿದ್ದವು: ಖರ್ಚೆಲ್ಲ ಕಳುಹಿಸುವವರದು, ಎಲ್ಲ ಪಡೆಯುವವರದು, ಇಬ್ಬರೂ ಹಂಚಿಕೊಳ್ಳುವುದು. ಕೊನೆಯದಕ್ಕೆ ಆ ಹುಡುಗ ಅಭ್ಯಾಸಬಲದಿಂದ ಗುರುತು ಹಾಕಿದ್ದ. ನನ್ನನ್ನು ಕೇಳಲಿಲ್ಲ, ನಾನೂ ಓದಲಿಲ್ಲ. ಉಳಿದ 22 ಡಾಲರ್ ಕಳುಹಿಸಬೇಕೆಂದರೆ ಕಮಿಷನ್ನೇ ಅದಕ್ಕಿಂತ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ಕೊನೆಗೆ ಮಗಳ ಕೋಣೆಯ ಗೆಳತಿ ಕಟ್ಟಿ ಮಾನ ಉಳಿಸಿದಳು.

ಆ 22 ಡಾಲರ್ ಕಣ್ಣಿಗೆ ಕಂಡಿತು, ಅದಕ್ಕೇ ಜಗಳವಾಡಿದೆ. ಕಾಣದ ಹಣದ ಬಗ್ಗೆ ಸುಮ್ಮನಿದ್ದೆ. ಈಚೆಗೆ ಒಂದು ಮಧ್ಯಾಹ್ನ ಎರಡು ವರ್ಷದ ರಸೀದಿಗಳನ್ನೂ ಆಯಾ ದಿನದ ನಿಮ್ಮ ದರಪಟ್ಟಿಯನ್ನೂ ಎದುರುಬದುರು ಇಟ್ಟುಕೊಂಡು ಕುಳಿತೆ. (ಪಟ್ಟಿಯಲ್ಲಿ ಹಿಂದಿನ ದಿನದ ದರ ಇರುವುದರಿಂದ ಪ್ರತಿ ರಸೀದಿಗೂ ಮರುದಿನದ ಪತ್ರಿಕೆಯನ್ನು ಹುಡುಕಬೇಕಾಯಿತು. ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕದ ನನ್ನ ಚಟಕ್ಕೆ ಮನೆಯಲ್ಲಿ ಬೈಗುಳ ತಪ್ಪಿದ್ದು ಅಂದು ಮಾತ್ರ.) ಪ್ರತಿ ಸಲವೂ ನನಗೆ ಹಾಕಿದ ದರ ಪಟ್ಟಿಗಿಂತ ನೂರಕ್ಕೆ ಎರಡೂವರೆಯಿಂದ ಮೂರರಷ್ಟು ದುಬಾರಿ. ಒಟ್ಟು ಮಾಡಿದರೆ, ಕಟ್ಟಿದ ಕಮಿಷನ್ನಿನ ಹಲವು ಪಟ್ಟು. ರಸೀದಿಯಲ್ಲಿ ಅದಕ್ಕೊಂದು ಸಾಲು ಕೂಡ ಇಲ್ಲ. ನನ್ನ ಪುಸ್ತಕದಲ್ಲಿ ನಾನು ಹೀಗೆ ಖರ್ಚು ಅಡಗಿಸಿದ್ದರೆ ಆಡಿಟರ್ ಬಿಡುತ್ತಿದ್ದರೇ?

ಈಗ ನಾನು ಶುಲ್ಕ ಎಷ್ಟೆಂದು ಕೇಳುವುದನ್ನೇ ಬಿಟ್ಟಿದ್ದೇನೆ. ‘ನಾನು ಒಟ್ಟು ಇಷ್ಟು ಕೊಡುತ್ತೇನೆ, ಅಲ್ಲಿ ಖಾತೆಗೆ ಎಷ್ಟು ಬೀಳುತ್ತದೆ?’ ಎಂದು ಒಂದೇ ದಿನ, ಒಂದೇ ಹೊತ್ತಿನಲ್ಲಿ ಮೂರು ಕಡೆ ವಿಚಾರಿಸುತ್ತೇನೆ. 200 ಡಾಲರ್ ಕಳುಹಿಸುವವರ ಲೆಕ್ಕ ನೋಡಿ. ಒಬ್ಬರು 5 ಡಾಲರ್ ಶುಲ್ಕ ಪಡೆದು ಮಾರುಕಟ್ಟೆಯ ದರವನ್ನೇ ಕೊಟ್ಟರೆ ಹೋಗುವುದು ಐದೇ. ಶುಲ್ಕ ಸೊನ್ನೆ ಎಂದು ದರದಲ್ಲಿ ನೂರಕ್ಕೆ ನಾಲ್ಕು ಕತ್ತರಿಸುವವರ ಬಳಿ ಹೋಗುವುದು ಎಂಟು. ಆನ್‌ಲೈನ್ ಸಂಸ್ಥೆಗಳು ಸಾಮಾನ್ಯವಾಗಿ ಬ್ಯಾಂಕಿಗಿಂತ ಅಗ್ಗ, ನಿಜ. ಆದರೆ ಮೊದಲ ಸಲದ ಸೊಗಸಾದ ದರ ಎರಡನೆಯ ಸಲ ಇರುವುದಿಲ್ಲ, ಆದ್ದರಿಂದ ಪ್ರತಿ ಸಲವೂ ಕೇಳಲೇಬೇಕು. ಪರವಾನಗಿ ಇದೆಯೇ ಎಂದು ನೋಡದೆ ಯಾರಿಗೂ ಹಣ ಕೊಡುವುದಿಲ್ಲ. ಕ್ರೆಡಿಟ್ ಕಾರ್ಡಿನ ಗೊಡವೆಯಂತೂ ಬೇಡ: ಇಂಥ ಪಾವತಿಯನ್ನು ನಗದು ಪಡೆದಂತೆ ಎಣಿಸಿ ಅಂದಿನಿಂದಲೇ ಬಡ್ಡಿ ಹಾಕುವುದುಂಟು.

ಇದು ನನ್ನೊಬ್ಬನ ಗೋಳಲ್ಲ. ಈ ದರದ ಅಂತರವನ್ನೂ ಸೇರಿಸಿ ವಿಶ್ವಬ್ಯಾಂಕ್ ಮಾಡುವ ಲೆಕ್ಕದಲ್ಲಿ, 200 ಡಾಲರ್ ಕಳುಹಿಸುವ ಜಾಗತಿಕ ಸರಾಸರಿ ವೆಚ್ಚ ಇತ್ತೀಚಿನ ವರ್ಷಗಳಲ್ಲೂ ನೂರಕ್ಕೆ ಆರಕ್ಕಿಂತ ಹೆಚ್ಚು. 2030ರೊಳಗೆ ಇದನ್ನು ಮೂರಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ಕಳುಹಿಸುವವರಲ್ಲಿ ಹೆಚ್ಚಿನವರು ನನ್ನಂತೆ ಪಿಂಚಣಿದಾರರೂ ಅಲ್ಲ, ಹೊರದೇಶದಲ್ಲಿ ದುಡಿದು ಮನೆಗೆ ಹಣ ಕಳುಹಿಸುವ ಕೂಲಿಯವರು. ಅಮೆರಿಕದಲ್ಲಿ 2013ರ ಅಕ್ಟೋಬರಿನಿಂದ ಒಂದು ನಿಯಮ ಜಾರಿಯಲ್ಲಿದೆ: ಗ್ರಾಹಕ ಹಣ ಕಟ್ಟುವ ಮೊದಲೇ ಶುಲ್ಕ, ವಿನಿಮಯ ದರ, ಅಲ್ಲಿ ತಲುಪುವ ಮೊತ್ತ ಮೂರನ್ನೂ ತಿಳಿಸಬೇಕು, ಕಟ್ಟಿದ ಮೇಲೂ ಸಾಮಾನ್ಯವಾಗಿ 30 ನಿಮಿಷದೊಳಗೆ ರದ್ದು ಮಾಡಲು ಅವಕಾಶ ಕೊಡಬೇಕು. ಅಂಥ ನಿಯಮ ಎಲ್ಲ ಕಡೆಯೂ ಬರಲಿ ಎಂದು ನಾನು ಕಾಯುತ್ತ ಕೂರಲಾರೆ.

ನಿಮ್ಮಿಂದ ಆಗುವುದೊಂದಿದೆ. ದರಪಟ್ಟಿಯ ಕೆಳಗೆ ‘ಇದು ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯವಹರಿಸುವ ದರ, ಗ್ರಾಹಕರಿಗೆ ಸಿಗುವುದಲ್ಲ’ ಎಂದು ಒಂದು ಸಾಲು ಹಾಕಿ. ಸಾಧ್ಯವಾದರೆ ವಾರಕ್ಕೊಮ್ಮೆ, ಒಂದೇ ಮೊತ್ತ ಬೇರೆ ಬೇರೆ ದಾರಿಯಲ್ಲಿ ಹೋದರೆ ಅಲ್ಲಿ ಎಷ್ಟೆಷ್ಟು ಸೇರುತ್ತದೆ ಎಂಬ ಪುಟ್ಟ ಕೋಷ್ಟಕವನ್ನೂ ಕೊಡಿ. ಮಗಳ ಮುಂದಿನ ಕಂತು ಬರುವ ತಿಂಗಳು ಕಟ್ಟಬೇಕು. ಅಷ್ಟರೊಳಗೆ ಶುರುವಾದರೆ ನನಗೂ ಅನುಕೂಲ.

ಇತಿ,
ನಿವೃತ್ತ ಲೆಕ್ಕಿಗ, ನಿಮ್ಮ ಹಳೆಯ ಓದುಗ