ರಿಸಲ್ಟ್ ಬಂದಮೇಲೆ ಒಂದು ಮಾತು

ಎಲ್ಲರಿಗೂ ನಮಸ್ಕಾರ.

ಯುಪಿಎಸ್‌ಸಿ ಪ್ರಿಲಿಮ್ಸ್ (ಐಎಎಸ್‌ನಂಥ ಹುದ್ದೆಗಳ ಪರೀಕ್ಷೆಯ ಮೊದಲ ಹಂತ) ರಿಸಲ್ಟ್ ಬಂದಾಗಿನಿಂದ ನಮ್ಮ ಓದಿನ ಗುಂಪಿನಲ್ಲಿ ಓದಿಗಿಂತ ಪಾಸಾದವರ ಮಾತೇ ಜಾಸ್ತಿ. "ಅವರಿಗೆ ಡೆಲ್ಲಿ ಕೋಚಿಂಗ್ ಇತ್ತು", "ಇಂಗ್ಲಿಷ್ ಮೀಡಿಯಂ ಬಿಡಿ". ಇರಬಹುದು. ದುಡ್ಡಿದ್ದವರಿಗೆ ದಾರಿ ಸ್ವಲ್ಪ ಸಲೀಸು, ಸುಳ್ಳಲ್ಲ. ಆದರೆ ಹೊಟ್ಟೆ ಉರಿಸಿಕೊಂಡರೆ ನಮಗೆ ಒಂದು ಮಾರ್ಕೂ ಬರಲ್ಲ ಅಲ್ವಾ?

ನಿಮ್ಮದೇ ಪೇಪರ್ ತೆಗೆದು ನೋಡಿ. ಜಿಎಸ್ (ಸಾಮಾನ್ಯ ಅಧ್ಯಯನ) ಮೊದಲ ಪೇಪರಿನಲ್ಲಿ 100 ಪ್ರಶ್ನೆ, 200 ಅಂಕ. ಒಂದೊಂದು ತಪ್ಪಿಗೂ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಟ್. ಗೊತ್ತಿಲ್ಲದೆ ಬಿಟ್ಟಿದ್ದೆಷ್ಟು, ಸುಮ್ನೆ ಗೆಸ್ ಮಾಡಿ ಕಳೆದುಕೊಂಡಿದ್ದೆಷ್ಟು, ಬೇರೆ ಬೇರೆ ಬರೆದುಕೊಳ್ಳಿ. ಎರಡನೆಯದನ್ನು ಇವತ್ತಿನಿಂದಲೇ ಸರಿ ಮಾಡಬಹುದು. ಭಾಷೆಯ ಅಳುಕು ಇರುವವರು ಕೇಳಿ, ಮುಂದಿನ ಹಂತವಾದ ಮೇನ್ಸ್‌ನ ಉತ್ತರಗಳನ್ನು ಕನ್ನಡದಲ್ಲೇ ಬರೆಯಲು ಅವಕಾಶವಿದೆ. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿಯೂ ತಗೋಬಹುದು.

1996ರ ಲಾರ್ಡ್ಸ್ ಟೆಸ್ಟ್ ನೆನಪಿದೆಯಾ? ಗಂಗೂಲಿ, ದ್ರಾವಿಡ್ ಇಬ್ಬರಿಗೂ ಅದು ಮೊದಲ ಟೆಸ್ಟ್. ಗಂಗೂಲಿ 131 ಹೊಡೆದರು. ನಮ್ಮ ದ್ರಾವಿಡ್ 95ಕ್ಕೆ ಔಟ್. ಅವರ ಮೊದಲ ಟೆಸ್ಟ್ ಶತಕ ಬಂದಿದ್ದು 1997ರ ಜನವರಿಯಲ್ಲಿ, ಜೋಹಾನ್ಸ್‌ಬರ್ಗ್‌ನಲ್ಲಿ. ನಿವೃತ್ತಿ ಹೊತ್ತಿಗೆ ಟೆಸ್ಟ್‌ನಲ್ಲಿ 36 ಶತಕ! ಜೊತೆಯವರು ಮೊದಲು ಗೆದ್ದರೂ ನಮ್ಮ ಸರದಿ ಬರುತ್ತೆ ಅನ್ನೋದಕ್ಕೆ ಇದನ್ನು ಹೇಳಿದೆ. (ಕ್ರಿಕೆಟ್ ಆಗದವರು ಈ ಪ್ಯಾರಾ ಬಿಟ್ಟುಬಿಡಿ.)

ಭಾನುವಾರ ಬೆಳಿಗ್ಗೆ 10ಕ್ಕೆ ಲೈಬ್ರರಿಯಲ್ಲಿ ಸೇರೋಣ. ಗುಂಪಿನಿಂದ ಪಾಸಾದ ಇಬ್ಬರೂ ಬರ್ತಾರೆ. ಹಿಂದೆ ಮಾತಾಡೋದರ ಬದಲು ಎದುರಿಗೇ ಕೇಳಿ: ಯಾವ ಪುಸ್ತಕ ಓದಿದರು, ಯಾವುದನ್ನು ಬಿಟ್ಟರು, ರಿವಿಷನ್ ಹೇಗೆ ಮಾಡಿದರು. ಬರುವಾಗ ನಿಮ್ಮ ತಪ್ಪುಗಳ ಪಟ್ಟಿ ತನ್ನಿ. ಅಲ್ಲಿವರೆಗೆ ಇಲ್ಲಿ ಕಟಾಫ್ (ಪಾಸಾಗಲು ಬೇಕಾದ ಕನಿಷ್ಠ ಅಂಕ) ಜಗಳ ಬೇಡ ದಯವಿಟ್ಟು.